‘ಕ್ರೈಸ್ತಜಗತ್ತು’ ಮತ್ತು ‘ಪರಂಗಿ’: ಎರಡು ಶಬ್ದಗಳ ವಿಚಾರ

ಆಂಗ್ಲಭಾಷೆಯ ಇತಿಹಾಸಗ್ರಂಥಗಳನ್ನು ಓದುವ ವಿದ್ಯಾರ್ಥಿಗಳಿಗೆ ‘ಕ್ರಿಸೆಂಡಮ್’ ಎಂಬ ಶಬ್ದವು ಆಗಾಗ ಎದುರಾಗುವುದುಂಟು. ಕನ್ನಡದಲ್ಲಿ ಅದನ್ನು ‘ಕ್ರೈಸ್ತಜಗತ್ತು’, ‘ಕ್ರೈಸ್ತಪ್ರಪಂಚ’ ಅಥವಾ ‘ಕ್ರೈಸ್ತಲೋಕ’ ಎಂದು ಬರೆಯುವರು. ಮೇಲುನೋಟಕ್ಕೆ ಈ ಶಬ್ದದ ಅರ್ಥವು ಸುಲಭವೆಂದೇ ತೋರುತ್ತದೆ. ಆದರೆ ಭೂಪಟವನ್ನು ಮುಂದಿಟ್ಟುಕೊಂಡು, ಈ ಜಗತ್ತು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಕೇಳಿದರೆ ಬೆರಳಿಟ್ಟು ತೋರಿಸುವುದು ಯಾರಿಗೂ ಸಾಧ್ಯವಾಗದು.

ಮುಂಬಯಿಯಲ್ಲಿ ಓದುವ ನಮಗೆ ಈ ಪ್ರಶ್ನೆಯು ದೂರದ್ದೇನೂ ಅಲ್ಲ. ಪಶ್ಚಿಮ ರೈಲುಮಾರ್ಗದ ದಕ್ಷಿಣ ತುದಿಯ ನಿಲ್ದಾಣದ ಹೆಸರು ಚರ್ಚ್‌ಗೇಟ್. ಕೋಟೆಯೊಳಗೆ 1718ರಲ್ಲಿ ತೆರೆದ ಸಂತ ತೋಮಸನ ದೇವಾಲಯಕ್ಕೆ ಹೋಗುವ ಕೋಟೆಬಾಗಿಲಿಗೆ ಆ ಹೆಸರಿತ್ತು. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು. ಬಾಗಿಲು ಹೋಯಿತು, ಹೆಸರು ಉಳಿಯಿತು. ದಾದರಿನ ‘ಪೋರ್ತುಗೀಜ್ ಚರ್ಚ್’, ಬುಧವಾರಗಳಂದು ಜನಸಂದಣಿ ಸೇರುವ ಮಾಹಿಮಿನ ಸಂತ ಮೈಕೇಲನ ಇಗರ್ಜಿ, ಬಾಂದ್ರಾದಲ್ಲಿ 1575ರಲ್ಲಿ ಕಟ್ಟಿದ ಸಂತ ಆಂಡ್ರೂ ಇಗರ್ಜಿ, ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲೆ ನಡೆಯುವ ‘ಮೋತ್ ಮಾವುಲಿ’ಯ ಜಾತ್ರೆ, ಇವೆಲ್ಲ ನಾವು ದಿನವೂ ಹಾದುಹೋಗುವ ಸ್ಥಳಗಳು. ನಮ್ಮ ನೆರೆಮನೆಗಳಲ್ಲಿಯೂ ಕ್ರೈಸ್ತರಿರುವರು. ಹಾಗಾದರೆ ಕ್ರೈಸ್ತಜಗತ್ತು ಸಮುದ್ರದಾಚೆ ಇರುವ ಒಂದು ಭೂಭಾಗವೆ? ಅಥವಾ ನಮ್ಮ ಬೀದಿಯೂ ಅದರೊಳಗೆ ಸೇರಿದೆಯೆ? ಇದನ್ನು ತಿಳಿಯಬೇಕಾದರೆ ಮೊದಲು ಶಬ್ದಗಳ ಮೂಲವನ್ನು ನೋಡಬೇಕು.

‘ಕ್ರಿಸ್ತ’ ಎಂಬುದು ವ್ಯಕ್ತಿಯ ಹುಟ್ಟುಹೆಸರಲ್ಲ, ಬಿರುದು. ಹೀಬ್ರೂ ಭಾಷೆಯ ‘ಮಸೀಹ’ ಎಂಬ ಪದವನ್ನು ಗ್ರೀಕರು ‘ಕ್ರಿಸ್ತೋಸ್’ ಎಂದು ಭಾಷಾಂತರಿಸಿಕೊಂಡರು. ಎರಡಕ್ಕೂ ‘ಅಭಿಷಿಕ್ತನು’, ಅಂದರೆ ತೈಲಾಭಿಷೇಕವನ್ನು ಹೊಂದಿದವನು, ಎಂದೇ ಅರ್ಥ. ಕನ್ನಡದಲ್ಲಿ ‘ಕ್ರಿಸ್ತ’ದಿಂದ ‘ಕ್ರೈಸ್ತ’ವಾದ ಬಗೆಯನ್ನು ವ್ಯಾಕರಣ ಓದಿದ ವಿದ್ಯಾರ್ಥಿಗಳು ಕೂಡಲೇ ಗುರುತಿಸಬಲ್ಲರು. ಶಿವನಿಂದ ಶೈವ, ವಿಷ್ಣುವಿನಿಂದ ವೈಷ್ಣವ, ಜಿನನಿಂದ ಜೈನ, ಬುದ್ಧನಿಂದ ಬೌದ್ಧ ಎಂಬ ರೂಪಗಳು ಹೇಗೆ ಸಿದ್ಧಿಸುವುವೋ ಹಾಗೆಯೇ ಕ್ರಿಸ್ತನಿಂದ ಕ್ರೈಸ್ತ. ಸಂಸ್ಕೃತದ ತದ್ಧಿತಕ್ರಮವು ಹೊರಗಿನಿಂದ ಬಂದ ಹೆಸರನ್ನೂ ಇತರ ಮತಗಳ ಹೆಸರುಗಳ ಸಾಲಿನಲ್ಲಿ ಕುಳ್ಳಿರಿಸಿತು. ಈ ರೂಪದಲ್ಲಿ ಯಾವ ದೇಶದ ಸುಳಿವೂ ಇಲ್ಲ. ಶೈವನು ಯಾವ ಊರಿನವನಾದರೂ ಶೈವನೇ, ಕ್ರೈಸ್ತನೂ ಹಾಗೆಯೇ. ಆಡುಮಾತಿನ ‘ಕಿರಿಸ್ತಾನ’ ಎಂಬುದಾದರೋ ಪೋರ್ತುಗೀಜರ ‘ಕ್ರಿಸ್ತಾಂವ್’ ಎಂಬ ಮಾತಿನಿಂದ ಕೊಂಕಣಿಯ ನೆರೆಯಲ್ಲಿ ನಮಗೆ ಬಂದದ್ದು.

ಇನ್ನು ‘ಕ್ರಿಸೆಂಡಮ್’. ಪ್ರಾಚೀನ ಆಂಗ್ಲದಲ್ಲಿ ‘ಡಮ್’ ಎಂಬ ಪ್ರತ್ಯಯಕ್ಕೆ ಸ್ಥಿತಿ, ಪದವಿ, ಅಧಿಕಾರ ಎಂಬ ಅರ್ಥಗಳಿದ್ದವು. ‘ಕಿಂಗ್‌ಡಮ್’ ಎಂಬಲ್ಲಿಯೂ ಇದೇ ಪ್ರತ್ಯಯವಿದೆ. ಹೀಗಾಗಿ ಮೊದಮೊದಲು ಆ ಶಬ್ದಕ್ಕೆ ‘ಕ್ರೈಸ್ತನಾಗಿರುವ ಸ್ಥಿತಿ’, ‘ಕ್ರೈಸ್ತಧರ್ಮ’ ಎಂಬುದೇ ಅರ್ಥವಾಗಿತ್ತು. ಮನಸ್ಸಿನ ಸ್ಥಿತಿಯನ್ನು ಹೇಳುತ್ತಿದ್ದ ಪದವು ಬರಬರುತ್ತ ನೆಲದ ಹೆಸರಾಯಿತು.

ಈ ಮಾರ್ಪಾಟಿಗೆ ಇತಿಹಾಸವೇ ಕಾರಣ. ಯೇಸುಕ್ರಿಸ್ತನು ಜನಿಸಿದುದು ಏಷ್ಯಾಖಂಡದಲ್ಲಿ. ಅವನ ಮೊದಲ ಶಿಷ್ಯರೆಲ್ಲರೂ ಯೆಹೂದ್ಯರು. ಮೊದಲ ಮೂರು ಶತಮಾನಗಳ ಕಾಲ ಅವನ ಅನುಯಾಯಿಗಳಿಗೆ ರಾಜ್ಯವಿರಲಿಲ್ಲ. ರೋಮಿನ ಅಧಿಕಾರಿಗಳಿಂದ ಅವರಿಗೆ ಪದೇಪದೇ ಹಿಂಸೆಯೇ ದೊರೆಯುತ್ತಿತ್ತು. 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಆ ಮತಕ್ಕೆ ಸ್ವಾತಂತ್ರ್ಯವನ್ನಿತ್ತನು. 380ರಲ್ಲಿ ಥಿಯೊಡೋಸಿಯಸನು ಅದನ್ನು ರಾಜ್ಯದ ಮತವನ್ನಾಗಿ ಮಾಡಿದನು. ಅಲ್ಲಿಂದ ಮುಂದೆ ಮತದ ಎಲ್ಲೆಗೂ ರಾಜ್ಯದ ಎಲ್ಲೆಗೂ ನಂಟು ಬೆಳೆಯಿತು. 1095ರಲ್ಲಿ ಪೋಪ್ ಎರಡನೆಯ ಅರ್ಬನ್, ಜೆರೂಸಲೇಮನ್ನು ಗೆಲ್ಲಲು ಪಶ್ಚಿಮ ಯುರೋಪಿನ ಅರಸರಿಗೂ ಯೋಧರಿಗೂ ಕರೆಯಿತ್ತಾಗ, ಬೇರೆ ಬೇರೆ ನಾಡುಗಳ ಜನ ತಾವೆಲ್ಲರೂ ಒಂದೇ ಕ್ರೈಸ್ತಜಗತ್ತಿನವರೆಂದು ಭಾವಿಸಿ ಹೊರಟರು. ಆದರೆ ಆ ವೇಳೆಗಾಗಲೇ ಅದರಲ್ಲಿ ಬಿರುಕು ಬಿದ್ದಿತ್ತು. 1054ರಲ್ಲಿ ರೋಮಿನ ಸಭೆಯೂ ಕಾನ್‌ಸ್ಟಾಂಟಿನೋಪಲಿನ ಸಭೆಯೂ ಪರಸ್ಪರ ಬಹಿಷ್ಕಾರ ಹಾಕಿಕೊಂಡಿದ್ದವು. 1517ರಲ್ಲಿ ಮಾರ್ಟಿನ್ ಲೂಥರನು ಆರಂಭಿಸಿದ ಸುಧಾರಣೆಯಿಂದ ಪಶ್ಚಿಮವೂ ಒಡೆಯಿತು. ಆಮೇಲಿನ ಕಾಲದಲ್ಲಿ ಅಲ್ಲಿನ ಬರಹಗಾರರು ‘ಕ್ರಿಸೆಂಡಮ್’ ಎಂಬುದರ ಸ್ಥಾನದಲ್ಲಿ ‘ಯುರೋಪು’ ಎಂಬ ಹೆಸರನ್ನೇ ಹೆಚ್ಚಾಗಿ ಬಳಸತೊಡಗಿದರು.

ಇದು ಒಳಗಿನವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಹೊರಗಿನವರು ಅವರನ್ನು ಏನೆಂದು ಕರೆದರು? ಇಲ್ಲಿ ನಮಗೆ ಹೆಚ್ಚು ಪರಿಚಿತವಾದ ಶಬ್ದವೊಂದು ಬರುತ್ತದೆ. ಈಗಿನ ಫ್ರಾನ್ಸ್ ದೇಶಕ್ಕೆ ಆ ಹೆಸರನ್ನು ತಂದವರು ಫ್ರಾಂಕರೆಂಬ ಜರ್ಮನಿಕ್ ಕುಲದವರು. ಅವರ ಅರಸನಾದ ಶಾರ್ಲಮೇನನಿಗೆ 800ರಲ್ಲಿ ರೋಮಿನಲ್ಲಿ ಪೋಪನೇ ಚಕ್ರವರ್ತಿಯ ಕಿರೀಟವನ್ನು ತೊಡಿಸಿದನು. 1099ರಲ್ಲಿ ಜೆರೂಸಲೇಮನ್ನು ಹಿಡಿದ ಸೈನ್ಯದಲ್ಲಿಯೂ ಫ್ರಾಂಕರ ನಾಡಿನವರು ಬಹುಮಂದಿ ಇದ್ದರು. ಆದುದರಿಂದ ಅರಬ್ಬರು ಪಶ್ಚಿಮದಿಂದ ಬಂದ ಕ್ರೈಸ್ತರನ್ನೆಲ್ಲ, ಅವರು ಯಾವ ದೇಶದವರೇ ಆಗಿರಲಿ, ‘ಫಿರಂಜ್’ ಎಂದು ಕರೆದರು. ಪಾರಸಿಯಲ್ಲಿ ಅದು ‘ಫರಂಗ್’ ಆಯಿತು. ಅವರ ನಾಡು ‘ಫರಂಗಿಸ್ತಾನ’ವಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅರಬ್ಬರು ಎಲ್ಲ ಕ್ರೈಸ್ತರನ್ನೂ ಹೀಗೆ ಕರೆಯಲಿಲ್ಲ. ಕಾನ್‌ಸ್ಟಾಂಟಿನೋಪಲಿನ ಕ್ರೈಸ್ತರು ಅವರಿಗೆ ‘ರೂಮ್’ ಜನರು. 4ನೆಯ ಶತಮಾನದಿಂದಲೇ ಕ್ರೈಸ್ತಧರ್ಮವನ್ನು ಪಾಲಿಸಿಕೊಂಡು ಬಂದ ಇಥಿಯೋಪಿಯದ ಜನರೂ ಯುರೋಪಿನವರನ್ನು ‘ಫೆರೆಂಜ್’ ಎಂದೇ ಕರೆಯುತ್ತಾರೆ. ಕ್ರೈಸ್ತರೇ ಪರರನ್ನು ಕರೆಯಲು ಬಳಸುವ ಆ ಹೆಸರಿಗೆ ಕ್ರೈಸ್ತರೆಂಬ ಅರ್ಥವು ಹೇಗೆ ತಾನೆ ಹೊಂದೀತು?

ಈ ಶಬ್ದವು ಭಾರತದಲ್ಲಿ ಬೇರೂರಲು ಪೋರ್ತುಗೀಜರು ನಿಮಿತ್ತರಾದರು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದನು. 1510ರಲ್ಲಿ ಆಲ್ಬುಕರ್ಕನು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡನು. 1534ರಲ್ಲಿ ಗುಜರಾತಿನ ಬಹಾದೂರ್ ಶಾಹನು ವಸಾಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಅವರಿಗೆ ಬಿಟ್ಟುಕೊಟ್ಟನು. ಪಾರಸಿಯು ಆಗ ನಮ್ಮ ಅನೇಕ ದರ್ಬಾರುಗಳ ಭಾಷೆಯಾಗಿದ್ದುದರಿಂದ ಹೊಸದಾಗಿ ಬಂದವರಿಗೆ ಹಳೆಯ ಹೆಸರೇ ಅಂಟಿಕೊಂಡಿತು. ಕನ್ನಡದಲ್ಲಿ ಅದಕ್ಕೆ ಎರಡು ರೂಪಗಳು ಬಂದವು: ‘ಫಿರಂಗಿ’ ಮತ್ತು ‘ಪರಂಗಿ’. ದ್ರಾವಿಡ ನುಡಿಗಳಿಗೆ ‘ಫ’ಕಾರದ ಪಾರಸಿ ಉಚ್ಚಾರವು ಒಗ್ಗದಿದ್ದುದರಿಂದ ಎರಡನೆಯ ರೂಪವು ಹುಟ್ಟಿತು, ತಮಿಳು ಮಲೆಯಾಳಗಳಲ್ಲಿಯೂ ಹೀಗೆಯೇ ಆಗಿದೆ.

ಹೊಸ ಜನರ ಹೆಸರು ಅವರು ತಂದ ಹೊಸ ವಸ್ತುಗಳಿಗೂ ತಗುಲಿತು. 1520ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ತುಗೀಜ ಬಂದೂಕುಗಾರರು ಕಾದಿದರೆಂದು ಆ ಕಾಲದ ವೃತ್ತಾಂತಗಳು ತಿಳಿಸುತ್ತವೆ. ಅಂಥವರ ಹೆಸರೇ ತೋಪಿಗೂ ಬಂದು, ಇಂದು ಕನ್ನಡದಲ್ಲಿ ‘ಫಿರಂಗಿ’ ಎಂದರೆ ಮೊದಲು ನೆನಪಾಗುವುದು ತೋಪೇ. ಮರಾಠಿಯಲ್ಲಿ ‘ಫಿರಂಗ್’ ಎಂದರೆ ಯುರೋಪಿನ ಅಲಗುಳ್ಳ ನೇರವಾದ ಕತ್ತಿ. ಅಮೆರಿಕಾಖಂಡದಲ್ಲಿ ಹುಟ್ಟಿ, ಹಡಗನ್ನೇರಿ ಬಂದ ಪಪ್ಪಾಯಿಯು ಮೈಸೂರು ಬೆಂಗಳೂರುಗಳ ಕಡೆ ‘ಪರಂಗಿ ಹಣ್ಣು’ ಎನಿಸಿತು. ತಮಿಳರು ಸಿಹಿಗುಂಬಳವನ್ನು ‘ಪರಂಗಿಕಾಯಿ’ ಎಂದರು. ಮಲೆಯಾಳಿಗಳು ಗೇರುಮರವನ್ನು ‘ಪರಂಗಿಮಾವು’ ಎಂದರು. ಥಾಯ್ಲೆಂಡಿನಲ್ಲಿಯೂ ‘ಫರಂಗ್’ ಎಂದರೆ ಬಿಳಿಯ ವಿದೇಶೀಯನೂ ಹೌದು, ಸೀಬೆಹಣ್ಣೂ ಹೌದು! 16ನೆಯ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥವು ಹೊಸದಾಗಿ ಹರಡಿದ ಒಂದು ರೋಗವನ್ನು ‘ಫಿರಂಗರೋಗ’ವೆಂದು ಹೆಸರಿಸಿದೆ. ಹಣ್ಣು, ಆಯುಧ, ರೋಗ ಈ ಮೂರಕ್ಕೂ ಒಂದೇ ಹೆಸರು ಬಂದುದನ್ನು ನೋಡಿದರೆ, ಜನರು ಆ ಶಬ್ದವನ್ನು ‘ಹೊರಗಿನಿಂದ ಬಂದದ್ದು’ ಎಂಬ ಅರ್ಥದಲ್ಲಿಯೇ ಬಳಸಿದರೆಂಬುದು ಸ್ಪಷ್ಟವಾಗುತ್ತದೆ.

ವಸ್ತುಗಳಿಗೆ ಹೀಗೆ ಹೆಸರು ಬಂದರೆ ಹಾನಿಯೇನೂ ಇಲ್ಲ. ಪರಂಗಿ ಹಣ್ಣು ಇಂದು ನಮ್ಮ ಹಿತ್ತಲಿನ ಹಣ್ಣೇ ಆಗಿದೆ. ಆದರೆ ಮನುಷ್ಯರ ಮತಕ್ಕೆ ಈ ಹೆಸರು ತಗುಲಿದಾಗ ಸಂಗತಿಯು ಬೇರೆಯಾಗುತ್ತದೆ. 1606ರಲ್ಲಿ ಇಟಲಿದೇಶದ ರಾಬರ್ಟೊ ದೆ ನೊಬಿಲಿ ಎಂಬ ಪಾದ್ರಿಯು ಮಧುರೆಗೆ ಬಂದಾಗ, ಅಲ್ಲಿನ ಜನರು ಕ್ರೈಸ್ತಧರ್ಮವನ್ನು ಪರಂಗಿಗಳ ಮಾರ್ಗವೆಂದೇ ತಿಳಿದಿದ್ದರು. ಆ ಮತಕ್ಕೆ ಸೇರುವುದೆಂದರೆ ಪರಂಗಿಗಳ ಊಟ, ಉಡುಪು, ಆಚಾರಗಳನ್ನು ಹಿಡಿಯುವುದೆಂದು ಅವರ ಭಾವನೆಯಾಗಿತ್ತು. ತಾನು ಪರಂಗಿಯಲ್ಲವೆಂದು ನೊಬಿಲಿಯು ಬಹಿರಂಗವಾಗಿ ಸಾರಿದನು. ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದನು. ತಮಿಳು ಸಂಸ್ಕೃತಗಳನ್ನು ಕಲಿತನು. ಮತ ಬೇರೆ, ದೇಶಾಚಾರ ಬೇರೆ ಎಂಬುದನ್ನು ತಿಳಿಸಲು ಅವನು ಪಟ್ಟ ಶ್ರಮಕ್ಕೆ ಒಂದು ಶಬ್ದವೇ ಬಹುಮಟ್ಟಿಗೆ ಕಾರಣವಾಗಿತ್ತು.

ನಮ್ಮ ನಾಡಿನಲ್ಲಿಯೇ ಇದಕ್ಕಿಂತ ಕಠೋರವಾದ ನಿದರ್ಶನವಿದೆ. ಗೋವೆಯಿಂದ ಬಂದು ಕೆಳದಿಯ ಅರಸರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ನೆಲೆಸಿದ ಕ್ರೈಸ್ತರು ಕೊಂಕಣಿಯನ್ನಾಡುತ್ತ ಬೇಸಾಯದಿಂದ ಬಾಳುತ್ತಿದ್ದವರು. ಮೈಸೂರಿಗೂ ಆಂಗ್ಲರಿಗೂ ಯುದ್ಧ ನಡೆದ ಕಾಲದಲ್ಲಿ ಅವರು ಆಂಗ್ಲರ ಪಕ್ಷದವರೆಂಬ ಶಂಕೆ ಹುಟ್ಟಿತು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಲವರು ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು. ಉಳಿದವರು 1799ರ ನಂತರವೇ ಊರಿಗೆ ಮರಳಿದರು. ರಾಜಕಾರಣದ ಕಾರಣಗಳು ಹಲವಿರಬಹುದು. ಆದರೆ ಕೂಸುಗಳನ್ನೂ ಮುದುಕರನ್ನೂ ಬಿಡದೆ ಒಂದು ಸಮಾಜಕ್ಕೆ ಸಮಾಜವೇ ದಂಡನೆಗೆ ಗುರಿಯಾಯಿತೆಂದರೆ, ಮತವನ್ನು ನೋಡಿ ಪಕ್ಷವನ್ನು ನಿರ್ಣಯಿಸಿದುದೇ ಅದಕ್ಕೆ ಕಾರಣವಾಗಿತ್ತು. ನಮ್ಮ ಸಹಪಾಠಿಗಳಲ್ಲಿ ಕೆಲವರ ಪೂರ್ವಜರು ಈ ದುಃಖವನ್ನು ಕಂಡವರಿರಬಹುದು.

ಮುಂಬಯಿಯಲ್ಲಿ ಹೆಸರಿನ ಸಮಸ್ಯೆಯು ಬೇರೊಂದು ಬಗೆಯಲ್ಲಿ ತಲೆದೋರಿತು. ಬಾಂದ್ರಾ, ಸಾಲ್ಸೆಟ್, ಠಾಣೆ, ವಸಾಯಿ ಪ್ರದೇಶಗಳ ಮೂಲನಿವಾಸಿ ಕ್ರೈಸ್ತರು ಮರಾಠಿಯ ಉಪಭಾಷೆಗಳನ್ನಾಡುವ ರೈತರು, ಕೋಳಿಗಳು, ಕಸುಬುದಾರರು. ಪೋರ್ತುಗೀಜರ ಆಳಿಕೆಯಲ್ಲಿ ಕ್ರೈಸ್ತರಾದುದರಿಂದ ಅವರಿಗೆ ‘ಪೋರ್ತುಗೀಜ ಕ್ರೈಸ್ತರು’ ಎಂಬ ಹೆಸರು ನಿಂತುಬಿಟ್ಟಿತ್ತು. 1661ರ ವಿವಾಹದ ಒಪ್ಪಂದದಿಂದ ಮುಂಬಯಿಯು ಆಂಗ್ಲರ ಪಾಲಾಯಿತು. 1739ರಲ್ಲಿ ಚಿಮಾಜಿ ಅಪ್ಪನು ವಸಾಯಿಯನ್ನು ಗೆದ್ದನು. ಪೋರ್ತುಗೀಜರು ಹೋದರೂ ಅವರ ಹೆಸರು ಮಾತ್ರ ಈ ಜನರನ್ನು ಬಿಡಲಿಲ್ಲ. ಮುಂದೆ ಗೋವೆ ಮಂಗಳೂರುಗಳಿಂದಲೂ ಕ್ರೈಸ್ತರು ಉದ್ಯೋಗಕ್ಕಾಗಿ ಬಂದರು. ಎಲ್ಲರ ಮನೆತನದ ಹೆಸರುಗಳೂ ಒಂದೇ ತೆರನಾಗಿದ್ದುದರಿಂದ ಗೊಂದಲವು ಹೆಚ್ಚಿತು. ಕೊನೆಗೆ 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣಮಹೋತ್ಸವದ ವರ್ಷ, ಅವರು ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ಸ್ವೀಕರಿಸಿದರು. ಪಶ್ಚಿಮ ಕರಾವಳಿಯಲ್ಲಿರುವವರಿಗೆ ‘ಪೂರ್ವದವರು’ ಎಂಬ ಹೆಸರು ವಿಚಿತ್ರವೆನಿಸಬಹುದು. ಆದರೆ ತಾವು ಪೋರ್ತುಗೀಜರಲ್ಲ, ಈ ನೆಲದವರೇ ಎಂಬುದನ್ನು ಆಗಿನ ಸರಕಾರಕ್ಕೆ ತಿಳಿಸುವುದು ಅವರ ಉದ್ದೇಶವಾಗಿತ್ತು.

ಇಷ್ಟಕ್ಕೂ, ಪರಂಗಿಗಳು ಬಂದ ಮೇಲೆಯೇ ಭಾರತಕ್ಕೆ ಕ್ರೈಸ್ತಧರ್ಮ ಬಂದಿತೆಂಬ ಎಣಿಕೆಯೇ ತಪ್ಪು. ಯೇಸುವಿನ ಶಿಷ್ಯನಾದ ತೋಮಸನು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆಂಬುದು ಅಲ್ಲಿನ ಕ್ರೈಸ್ತರ ಪರಂಪರಾಗತ ನಂಬಿಕೆ. ಅದನ್ನು ಬದಿಗಿಟ್ಟರೂ, ಕೊಲ್ಲದ ತರಿಸಾಪಳ್ಳಿಗೆ 849ರಲ್ಲಿ ನೀಡಿದ ತಾಮ್ರಶಾಸನಗಳು ಇಂದಿಗೂ ಉಳಿದಿವೆ. 6ನೆಯ ಶತಮಾನದ ಮಧ್ಯದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಸ್ ಎಂಬ ಪ್ರವಾಸಿಯು ‘ಕಲ್ಲಿಯಾನ’ವೆಂಬ ಊರಿನಲ್ಲಿ ಪರ್ಷಿಯದಿಂದ ನಿಯಮಿತನಾದ ಒಬ್ಬ ಬಿಷಪನಿದ್ದನೆಂದು ಬರೆದಿರುವನು. ಇದು ಮುಂಬಯಿಯ ಬಳಿಯ ಕಲ್ಯಾಣವೆಂದು ಅನೇಕ ವಿದ್ವಾಂಸರ ಮತ. ಉಡುಪಿಯ ಬಳಿಯ ಕಲ್ಯಾಣಪುರವೆಂದು ಹೇಳುವವರೂ ಉಂಟು. ಎರಡು ಊರುಗಳೂ ನಮ್ಮಲ್ಲಿ ಹಲವರಿಗೆ ಪರಿಚಿತವೇ! 1321ರಲ್ಲಿ ಠಾಣೆಗೆ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅಲ್ಲಿ ಆಗಲೇ ನೆಲೆಸಿದ್ದ ಕ್ರೈಸ್ತರ ಮನೆಯಲ್ಲಿ ತಂಗಿದರು. ಹೀಗಿದ್ದೂ ಚೆನ್ನೈಯಲ್ಲಿ ತೋಮಸನ ಹೆಸರಿನ ಗುಡ್ಡಕ್ಕೆ ತಮಿಳಿನಲ್ಲಿ ‘ಪರಂಗಿಮಲೆ’ ಎಂದೇ ಹೆಸರು. ಏಷ್ಯಾದವನಾದ ಸಂತನ ಬೆಟ್ಟವೂ ಫ್ರಾಂಕರ ಪಾಲಾಗಿರುವುದನ್ನು ನೋಡಿದರೆ, ತಪ್ಪು ಹೆಸರು ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದೆಂಬುದು ತಿಳಿಯುತ್ತದೆ.

ಕ್ರೈಸ್ತರು ಈ ನೆಲದ ನುಡಿಗಳಿಗೆ ಮಾಡಿದ ಸೇವೆಯನ್ನೂ ಇಲ್ಲಿ ನೆನೆಯಬೇಕು. ಇಂಗ್ಲೆಂಡಿನಿಂದ ಗೋವೆಗೆ ಬಂದ ಫಾದರ್ ತೋಮಸ್ ಸ್ಟೀಫನ್ಸನು ‘ಕ್ರಿಸ್ತಪುರಾಣ’ವನ್ನು ಮರಾಠಿಯ ಓವಿಗಳಲ್ಲಿ ರಚಿಸಿ 1616ರಲ್ಲಿ ಅಚ್ಚುಹಾಕಿಸಿದನು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗನು 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ವೃತ್ತಪತ್ರಿಕೆ. ಅದೇ ಸಂಸ್ಥೆಯ ಫರ್ಡಿನೆಂಡ್ ಕಿಟ್ಟೆಲನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಇವರು ಪರದೇಶದಲ್ಲಿ ಹುಟ್ಟಿದವರು. ಇಲ್ಲಿಯೇ ಹುಟ್ಟಿದವರ ಮಾತು ಹೇಳುವುದಾದರೆ, ವಸಾಯಿಯ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರು 2020ರಲ್ಲಿ ಉಸ್ಮಾನಾಬಾದಿನಲ್ಲಿ ನಡೆದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾಗಿದ್ದರು. ಮಂಗಳೂರಿನ ಕ್ರೈಸ್ತರು ತಮ್ಮ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವರು. ತುಳುವಿನಲ್ಲಿ ಅವರಿಗೆ ‘ಪೊರ್ಬುಲು’ ಎಂದು ಹೆಸರು. ಅದು ‘ಪ್ರಭು’ ಎಂಬುದರ ತದ್ಭವ. ಒಂದೇ ಜನಸಮುದಾಯವನ್ನು ಒಂದು ಶಬ್ದವು ಹೊರಗಿನವರೆಂದು ದೂರವಿಟ್ಟಿತು, ಮತ್ತೊಂದು ಶಬ್ದವು ಗೌರವದಿಂದ ಊರೊಳಗೆ ಸೇರಿಸಿಕೊಂಡಿತು.

ಪೋರ್ತುಗೀಜರಿಂದ ಬಂದ ಮಾತುಗಳೆಲ್ಲ ಮತದ ಮಾತುಗಳೂ ಅಲ್ಲ. ‘ಇಗರ್ಜಿ’, ‘ಪಾದ್ರಿ’ ಎಂಬುವು ದೇವಾಲಯಕ್ಕೆ ಸಂಬಂಧಿಸಿದುವು ನಿಜ. ಆದರೆ ‘ಚಾವಿ’, ‘ಬಟಾಟೆ’, ‘ಅನಾನಸು’, ‘ಇಸ್ತ್ರಿ’ ಇವೂ ಅಲ್ಲಿಂದಲೇ ಬಂದವು. ಮುಂಬಯಿಗರು ತಿಂಗಳ ಮೊದಲಲ್ಲಿ ಎದುರುನೋಡುವ ‘ಪಗಾರ’ವೂ, ವಡಾಪಾವಿನ ‘ಪಾವ್’ ಕೂಡ ಅವರ ಭಾಷೆಯ ಕೊಡುಗೆಯೇ. ಪಾವನ್ನು ತಿನ್ನುವಾಗ ಅದರ ಮತ ಯಾವುದೆಂದು ಯಾರೂ ವಿಚಾರಿಸುವುದಿಲ್ಲ.

ಇಷ್ಟು ವಿವೇಚನೆಯಿಂದ ವಿದ್ಯಾರ್ಥಿಗಳು ಬರವಣಿಗೆಯಲ್ಲಿ ಅನುಸರಿಸಬಹುದಾದ ಕೆಲವು ನಿಯಮಗಳು ದೊರೆಯುತ್ತವೆ.

ಮೊದಲನೆಯದು: ಮತವನ್ನು ಹೇಳುವಲ್ಲಿ ‘ಕ್ರೈಸ್ತ’ ಎಂದೂ, ನಾಡನ್ನು ಹೇಳುವಲ್ಲಿ ನಾಡಿನ ಹೆಸರನ್ನೂ ಬಳಸಬೇಕು. ಷರಾಯಿ ಕೋಟುಗಳು ಯುರೋಪಿನ ಉಡುಪು. ಅವನ್ನು ಕ್ರೈಸ್ತರ ಉಡುಪೆನ್ನಬಾರದು. ಜನವರಿ, ಮಾರ್ಚ್ ಎಂಬ ತಿಂಗಳ ಹೆಸರುಗಳು ಕ್ರಿಸ್ತನಿಗಿಂತ ಮುಂಚಿನ ರೋಮನ್ನರ ದೇವತೆಗಳಿಂದ ಬಂದುವು.

ಎರಡನೆಯದು: ‘ಕ್ರೈಸ್ತಜಗತ್ತು’ ಎಂಬ ಶಬ್ದವನ್ನು ಮಧ್ಯಯುಗದ ಯುರೋಪಿನವರು ತಮ್ಮ ಬಗ್ಗೆ ಹೊಂದಿದ್ದ ಭಾವನೆಯನ್ನು ಹೇಳುವಾಗ ಬಳಸುವುದು ಯುಕ್ತ. ಆಗಲೂ ಯಾವ ಕಾಲ, ಯಾವ ಸಭೆ ಎಂಬುದನ್ನು ಸೂಚಿಸಬೇಕು. ಇಂದಿನ ಮಾತನ್ನು ಹೇಳುವಾಗ ‘ಜಗತ್ತಿನ ಕ್ರೈಸ್ತರು’ ಎನ್ನುವುದೇ ಮೇಲು; ಏಕೆಂದರೆ ಅವರಲ್ಲಿ ಬಹುಪಾಲು ಜನರು ಇಂದು ಯುರೋಪಿನ ಹೊರಗೆ, ಆಫ್ರಿಕ, ಅಮೆರಿಕ, ಏಷ್ಯಾಖಂಡಗಳಲ್ಲಿ ಇರುವರು.

ಮೂರನೆಯದು: ‘ಫಿರಂಗಿ’ಯನ್ನು ತೋಪಿಗೂ ‘ಪರಂಗಿ’ಯನ್ನು ಹಣ್ಣಿಗೂ ನಿಶ್ಚಿಂತೆಯಿಂದ ಬಳಸಬಹುದು. ಹಳೆಯ ಇತಿಹಾಸವನ್ನು ವಿವರಿಸುವಾಗಲೂ ಅದು ಬೇಕಾದೀತು. ಆದರೆ ನೆರೆಯವರನ್ನು ಕರೆಯಲು ಅದು ಸಲ್ಲದು.

ಈ ಮಾತುಗಳು ಶಬ್ದಪಂಡಿತರಿಗೆ ಮಾತ್ರ ಸೇರಿದುವೆಂದು ತಿಳಿಯಬಾರದು. ಉತ್ತರಪತ್ರಿಕೆಯಲ್ಲಿ ‘1498ರಲ್ಲಿ ಕ್ರೈಸ್ತರು ಭಾರತಕ್ಕೆ ಬಂದರು’ ಎಂದು ಬರೆದರೆ, ಕೊಲ್ಲದ ತಾಮ್ರಶಾಸನವನ್ನೂ ಠಾಣೆಯ ಹಳೆಯ ಮನೆಗಳನ್ನೂ ಅಳಿಸಿ, ಪಕ್ಕದ ಬೆಂಚಿನ ಗೆಳೆಯನನ್ನು ವಾಸ್ಕೊ ಡ ಗಾಮನ ಹಡಗಿನಲ್ಲಿ ಕುಳ್ಳಿರಿಸಿದಂತಾಗುತ್ತದೆ. ‘1498ರಲ್ಲಿ ಪೋರ್ತುಗೀಜರು ಸಮುದ್ರಮಾರ್ಗವಾಗಿ ಭಾರತಕ್ಕೆ ಬಂದರು’ ಎಂದು ಬರೆದರೆ ವಾಕ್ಯವೂ ಶುದ್ಧ, ಇತಿಹಾಸವೂ ಶುದ್ಧ.